ಪಟ್ಟಿಯ ಮೊದಲ ಸಾಲು

ನಮ್ಮ ಊರಿನಲ್ಲಿ ಮನೆಗಳು ಮುನ್ನೂರ ನಲವತ್ತು, ಅಂಗಡಿ ಕಚೇರಿಗಳು ಎಪ್ಪತ್ತೊಂದು, ಆ ಎಪ್ಪತ್ತೊಂದಕ್ಕೂ ಸೇರಿ ಬಾಗಿಲು ಒಂದು. ಮನೆಗಳು ಗುಡ್ಡದ ಇಳಿಜಾರಿನಲ್ಲಿ ಒಂದಕ್ಕೊಂದು ಒರಗಿಕೊಂಡು ಹೇಗೋ ನಿಂತಿವೆ. ಸಮತಟ್ಟಾದ ನೆಲ ಇರುವುದು ಗುಡ್ಡದ ನೆತ್ತಿಯಲ್ಲಿ ಮಾತ್ರ, ಅದೂ ಒಂದು ಕೋಣೆ ಮತ್ತು ಅದರ ಮುಂದೊಂದು ಕಟ್ಟೆಗೆ ಸಾಕಾಗುವಷ್ಟು. ಆ ಕೋಣೆಯ ಬಾಗಿಲಿಗೆ ಕೈಯಿಟ್ಟು, ಹೋಗಬೇಕಾದ ಜಾಗದ ಹೆಸರು ಹೇಳಿ ತಳ್ಳಬೇಕು. "ಅಂಚೆ ಕಚೇರಿ" ಎಂದವರು ಅಂಚೆ ಕಚೇರಿಗೆ ಹೋಗುತ್ತಾರೆ. ಅವರ ಬೆನ್ನಿಗೇ ನಿಂತವರು "ಹೈಸ್ಕೂಲು" ಎಂದರೆ ಅದೇ ಬಾಗಿಲಿನಿಂದ ಹೈಸ್ಕೂಲಿಗೆ ಹೋಗುತ್ತಾರೆ. ಹೊರಗೆ ಬರಲು ಏನೂ ಹೇಳಬೇಕಿಲ್ಲ, ಎಲ್ಲರೂ ಬಂದು ಸೇರುವುದು ಅದೇ ಕಟ್ಟೆಗೆ.

ಬಾಗಿಲಿನ ಬಲಕ್ಕೆ ಗೋಡೆಯಲ್ಲೊಂದು ಗೂಡಿದೆ. ಅದರಲ್ಲಿ ಸರ್ವರ್ ಇದೆ, ಅದರ ಮುಂದಿನ ಸ್ಟೂಲಿನ ಮೇಲೆ ನಾನಿದ್ದೇನೆ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಕಾಲೇಜಿನ ಪ್ರಯೋಗಾಲಯದಲ್ಲಿ ಇಂಥದೇ ಯಂತ್ರವಿತ್ತು. ಅದು ವೆಬ್‌ಸೈಟುಗಳನ್ನು ಹೊತ್ತುಕೊಂಡಿತ್ತು. ಒಂದೇ ಯಂತ್ರ, ಒಂದೇ ವಿಳಾಸ, ಒಳಗೆ ನಲವತ್ತು ಸೈಟು. ಕೇಳಿಕೊಂಡು ಬಂದವರು ಯಾವ ಹೆಸರು ಹೇಳುತ್ತಾರೋ ಅದನ್ನು ಪಟ್ಟಿಯಲ್ಲಿ ಹುಡುಕಿ ಆ ಸೈಟನ್ನು ಮುಂದಿಡುತ್ತಿತ್ತು. ನಮ್ಮೂರಿನ ಯಂತ್ರ ಮಾಡುವುದೂ ಅದನ್ನೇ, ಸೈಟಿನ ಬದಲು ಅಂಗಡಿಗಳನ್ನೇ ಮುಂದಿಡುತ್ತದೆ, ಅಷ್ಟೇ ವ್ಯತ್ಯಾಸ. ಆದ್ದರಿಂದ ಕೆಲಸ ಹಿಡಿದಾಗ ನನಗೆ ಹೊಸದಾಗಿ ಕಲಿಯುವಂಥದ್ದೇನೂ ಇರಲಿಲ್ಲ.

ನಿಯಮಗಳು ನಾಲ್ಕೇ. ಕೈಯಲ್ಲಿ, ಹೆಗಲ ಮೇಲೆ ಹೊತ್ತದ್ದು ಹೊತ್ತವರ ಜೊತೆ ಹೋಗುತ್ತದೆ. ನೆಲಕ್ಕೆ ಕಾಲೂರಿದವರು ಮಾತ್ರ ತಾವೇ ಬಾಯಿಬಿಟ್ಟು ಹೆಸರು ಹೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವ ಹಾಗಿಲ್ಲ. ಪಟ್ಟಿ ಬದಲಾಯಿಸಬೇಕಾದರೆ ಯಂತ್ರವನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು, ಆಗ ಒಳಗೆ ಯಾವ ಜೀವವೂ ಇರಕೂಡದು. ಇದ್ದರೆ ಏನಾಗುತ್ತದೆಂದು ಯಾರೂ ಪರೀಕ್ಷಿಸಿಲ್ಲ. ವಿಜ್ಞಾನ ಓದಿದವಳಾದರೂ ನಾನೂ ಪರೀಕ್ಷಿಸಿಲ್ಲ. ಹೀಗಾಗಿ ವರ್ಷಕ್ಕೊಮ್ಮೆ, ಯುಗಾದಿಯ ಮರುದಿನ, ಸೈರನ್ ಒತ್ತಿ ಊರನ್ನೆಲ್ಲ ಕಟ್ಟೆಗೆ ಕರೆದು ಆ ಕೆಲಸ ಮಾಡುತ್ತೇವೆ. ಜೀವಕ್ಕೆ ಅಪಾಯವಿದ್ದರೆ ನಡುವೆಯೂ ಒತ್ತಬಹುದು ಎಂದಿದೆ, ಆದರೆ ಯಾರೂ ಒತ್ತಿದ್ದಿಲ್ಲ. ಇನ್ನು ನಾಲ್ಕನೆಯದು. ಹೆಸರನ್ನೇ ಹೇಳದವರು, ಅಥವಾ ಪಟ್ಟಿಯಲ್ಲಿ ಇಲ್ಲದ ಹೆಸರು ಹೇಳಿದವರು, ಪಟ್ಟಿಯ ಮೊದಲ ಸಾಲಿನಲ್ಲಿ ಯಾರಿದ್ದಾರೋ ಅವರಲ್ಲಿಗೆ ಹೋಗುತ್ತಾರೆ.

ನಮ್ಮ ಪಟ್ಟಿಯ ಮೊದಲ ಸಾಲಿನಲ್ಲಿದ್ದದ್ದು ಡಾಕ್ಟರ್ ಇಂದುಮತಿ ಕಂಬಳಿಯವರ ದಂತ ಚಿಕಿತ್ಸಾಲಯ. ಯಾಕೆಂದು ನನಗೆ ಗೊತ್ತಿರಲಿಲ್ಲ. ನನಗಿಂತ ಹಿಂದೆ ಸ್ಟೂಲಿನ ಮೇಲೆ ಕೂರುತ್ತಿದ್ದ ವೆಂಕೋಬರಾಯರು ಬರೆದ ಪಟ್ಟಿ ಅದು. ಅವರು ಮೊದಲು ಯಾವುದೋ ಒಂದನ್ನು ಬರೆಯಲೇಬೇಕಿತ್ತು, ಇದನ್ನು ಬರೆದರು, ಬರೀ ಆಕಸ್ಮಿಕ ಎಂದುಕೊಂಡಿದ್ದೆ. ಡಾಕ್ಟರು ಕುಳ್ಳಗಿನ, ಕಡಿಮೆ ಮಾತಿನ ಹೆಂಗಸು. ಎದುರಿಗೆ ಕೂತವರು ಉತ್ತರ ಕೊಡಲಾರದ ಉದ್ಯೋಗವಾದ್ದರಿಂದ ಮಾತು ತಾನಾಗಿಯೇ ಕಡಿಮೆಯಾಗಿರಬೇಕು. ದಾರಿ ತಪ್ಪಿ ಬಂದವರನ್ನು ಅವರು "ಹೆಂಗೂ ಬಂದೀರಿ, ಬಾಯಿ ತೆಗೀರಿ" ಎಂದು ಕೂರಿಸಿ ಹಲ್ಲು ನೋಡಿ ಕಳಿಸುತ್ತಿದ್ದರು. ನಮ್ಮೂರಿನ ಮರೆಗುಳಿಗಳ ಹಲ್ಲುಗಳಷ್ಟು ಗಟ್ಟಿ ಹಲ್ಲು ನಾನು ಬೇರೆಲ್ಲೂ ನೋಡಿಲ್ಲ.

ತಪ್ಪು ಶುರುವಾದದ್ದು ನನ್ನಿಂದ. ಬಾಗಿಲಿನಲ್ಲಿ ಯಾರು ಏನು ಹೇಳಿದರು, ಎಲ್ಲಿಗೆ ಹೋದರು ಎಂಬುದನ್ನು ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆ ಸುಮ್ಮನೆ ಬಿದ್ದಿರುವುದನ್ನು ನೋಡಲಾರದೆ ನಾನು ತಿಂಗಳ ಲೆಕ್ಕ ತೆಗೆದು, ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ ಕಂಬಗಳ ಚಿತ್ರ ಬರೆದು, ಕಟ್ಟೆಯ ಸೂಚನಾ ಫಲಕಕ್ಕೆ ಅಂಟಿಸಿದೆ. ಎಲ್ಲಕ್ಕಿಂತ ಎತ್ತರದ ಕಂಬ ಕೆಂಪು ಬಣ್ಣದ್ದು: ಹೆಸರು ಹೇಳದೆ ಒಳಗೆ ಹೋದವರು, ಮುನ್ನೂರ ಹನ್ನೆರಡು.

ಆ ಕಂಬದ ಮುಂದೆ ಮೂರು ದಿನ ನಿಂತದ್ದು ಸೀರೆ ಅಂಗಡಿಯ ಗುರುಪಾದಪ್ಪ ಉಳ್ಳಾಗಡ್ಡಿಯವರು. ನೂರ ನಾಲ್ಕು ಕಿಲೋ ತೂಕದ, ಅಷ್ಟೇ ತೂಕದ ದನಿಯ ಮನುಷ್ಯ. ಅವರ ಅಂಗಡಿ ಪಟ್ಟಿಯಲ್ಲಿ ಐವತ್ತೆಂಟನೆಯದು. ಹೆಸರು ಹೇಳಿಕೊಂಡು ಹೋಗುವವರಿಗೆ ಮೊದಲಾದರೇನು, ಐವತ್ತೆಂಟಾದರೇನು, ಎಲ್ಲ ಒಂದೇ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ಆದರೆ ಕೆಂಪು ಕಂಬ ಅವರಿಗೆ ಬೇರೆಯದನ್ನೇ ಹೇಳಿತ್ತು.

"ಅಕ್ಕಾರ, ಮುನ್ನೂರಾ ಹನ್ನೆರಡು ಮಂದಿ!" ಎಂದರು ಬಾಗಿಲು ನೋಡಿಕೊಳ್ಳುವ ಸಮಿತಿಯ ಸಭೆಯಲ್ಲಿ. "ಪಾಪ, ಎಲ್ಲಿ ಹೋಗಬೇಕಂತನ ಗೊತ್ತಿಲ್ಲ ಅವ್ರಿಗೆ. ಅಂಥಾವ್ರ ಮುಂದ ಒಂದು ಇಳಕಲ್ ಸೀರಿ ಬಿಚ್ಚಿ ಹಾಕಿದ್ರ ಬ್ಯಾಡ ಅಂತಾರೇನ್ರಿ? ಈ ಡಾಕ್ಟರು ನೋಡಿದ್ರ ಚಿಮಟ ತೋರಸ್ತಾರ."

ಡಾಕ್ಟರು ಮೆಲ್ಲಗೆ ಕೇಳಿದರು, "ಆ ಮುನ್ನೂರಾ ಹನ್ನೆರಡು ಮಂದಿ ಯಾರು ಅಂತ ಗೊತ್ತೈತೇನ್ರಿ ನಿಮಗ?"

"ಗಿರಾಕಿ!"

"ಅದರಾಗ ಅರವತ್ತು ಆಡು ಅದಾವ."

"ಆಡಿನ ಹಿಂದ ಆಡಿನ ಮಾಲಕರೂ ಇರ್ತಾರಲ್ರೀ!"

ಸಭೆಯೆಲ್ಲ ನಕ್ಕಿತು. ನಕ್ಕವರು ನಗಿಸಿದವರ ಕಡೆಗೇ ಕೈ ಎತ್ತುವುದು ವಾಡಿಕೆ. ಒಂದು ವರ್ಷದ ಮಟ್ಟಿಗೆ ಮೊದಲ ಸಾಲು ಉಳ್ಳಾಗಡ್ಡಿ ಸೀರೆ ಭಂಡಾರಕ್ಕೆ ಎಂದು ತೀರ್ಮಾನವಾಯಿತು. ಎದ್ದು ಹೋಗುವ ಮುಂಚೆ ಡಾಕ್ಟರು ನನ್ನ ಮೇಜಿನ ಹತ್ತಿರ ಬಂದು, "ಬಾಯಿ ತೆಗಿಯಾಕ ಆಗದವ್ರು ಎಲ್ಲಿಗಿ ಹೋಗಬೇಕು? ಅಷ್ಟು ಬರಕೊಳ್ರಿ" ಎಂದರು. ಸಭೆಯ ವರದಿ ಬರೆಯುತ್ತಿದ್ದವಳು ನಾನೇ. ಅವರ ಮಾತಿನಲ್ಲಿ ಅಂಕಿ ಯಾವುದೂ ಇರಲಿಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ.

ಯುಗಾದಿಯ ಮರುದಿನ ಸೈರನ್ ಒತ್ತಿದೆ. ಊರೆಲ್ಲ ಕಟ್ಟೆಗೆ ಬಂತು. ಅರ್ಧ ಗಡ್ಡ ಬೋಳಿಸಿಕೊಂಡವರು, ಅಳತೆಯ ಟೇಪು ಕೊರಳಲ್ಲೇ ಇದ್ದ ದರ್ಜಿ, ಊಟದ ಎಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ ಖಾನಾವಳಿಯ ಗಿರಾಕಿಗಳು. ನಾನು ಎರಡು ಸಾಲುಗಳ ಸ್ಥಾನ ಬದಲಿಸಿದೆ. ತಪ್ಪಿಲ್ಲವೆಂದು ಎರಡು ಸಲ ಪರೀಕ್ಷಿಸಿ ಯಂತ್ರ ಶುರು ಮಾಡಿದೆ. ಅದು ಒಂದೇ ಒಂದು ದೋಷ ತೋರಿಸಲಿಲ್ಲ. ಅಂದು ನನಗೆ ಸಮಾಧಾನವಾಗಿ ನಿದ್ದೆ ಬಂತು.

ಮೊದಲ ಗಿರಾಕಿ ಒಂದು ಆಡು. ತಲೆಯಿಂದ ಬಾಗಿಲು ಗುದ್ದಿ ಒಳಗೆ ಹೋಯಿತು. ಎರಡನೆಯದೂ ಆಡು. ಡಾಕ್ಟರ ವರಾಂಡದಲ್ಲಿ ಇವಕ್ಕೆಂದು ಬಾಗೆ ಸೊಪ್ಪು ಕಟ್ಟಿರುತ್ತಿತ್ತು; ಇಲ್ಲಿ ಸಿಕ್ಕಿದ್ದು ಹಸಿರು ಬಣ್ಣದ ಧಾರವಾಡ ಸೀರೆ. ಗುರುಪಾದಪ್ಪನವರ ಹೆಂಡತಿ ನೀಲಗಂಗವ್ವ ಅದರ ಸೆರಗನ್ನು ಆಡಿನ ಬಾಯಿಂದ ಎಳೆದುಕೊಂಡು ಹೊರಗೆ ಬಂದು ನನ್ನ ಮುಂದೆ ಹಿಡಿದರು. "ನೋಡ್ರಿ ಅಕ್ಕಾರ, ನಿಮ್ಮ ಕೆಂಪು ಕಂಬ ನನ್ನ ಸೀರಿ ತಿಂದೈತಿ." ಮರುದಿನವೇ ಅವರು ಗಲ್ಲಾಪೆಟ್ಟಿಗೆಯ ಪಕ್ಕ ಸೊಪ್ಪು ಕಟ್ಟಿದರು. ಗಂಡ ಹಟ ಮಾಡಿ ಹಿಡಿದ ಕೆಲಸಗಳನ್ನೆಲ್ಲ ನಡೆಸಿಕೊಂಡು ಹೋಗುವುದು ಆ ತಾಯಿಗೆ ಇಪ್ಪತ್ತಾರು ವರ್ಷದ ಅಭ್ಯಾಸ.

ಆಡುಗಳ ನಂತರ ಬಾವು ಬಂದವರು ಬರತೊಡಗಿದರು. ದವಡೆ ಊದಿ, ತಲೆಗೆ ವಸ್ತ್ರ ಕಟ್ಟಿಕೊಂಡು, ಬಾಗಿಲಿಗೆ ಕೈಯಿಟ್ಟು "ಹ್ಞೂಂ" ಎನ್ನುತ್ತಿದ್ದರು, ಸೀರೆಗಳ ನಡುವೆ ಹೋಗಿ ನಿಲ್ಲುತ್ತಿದ್ದರು. ಹೊರಗೆ ಬಂದು ಮತ್ತೆ "ಹ್ಞೂಂ" ಎಂದರೂ ಮತ್ತೆ ಸೀರೆಗಳೇ. ಮೊದಲ ವಾರ ಗುರುಪಾದಪ್ಪನವರಿಗೆ ಸಂತೋಷವೋ ಸಂತೋಷ. "ಅಕ್ಕಾರ, ಇಂಥಾ ಗಿರಾಕಿ ನಾ ಜನ್ಮದಾಗ ಕಂಡಿಲ್ಲ. ಒಬ್ಬರೂ ಚೌಕಾಶಿ ಮಾಡಂಗಿಲ್ಲ!" ಎಂದರು. ಆದರೆ ಅವರು ಕೊಳ್ಳುತ್ತಲೂ ಇರಲಿಲ್ಲ. ಸೀರೆಗೆ ಕೆನ್ನೆ ಒತ್ತಿಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ತಣ್ಣಗಿರುತ್ತದಂತೆ.

ಡಾಕ್ಟರು ಜಗಳಕ್ಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಚೀಲ ಹಿಡಿದು ಬಾಗಿಲಿಗೆ ಬಂದು "ಉಳ್ಳಾಗಡ್ಡಿ ಸೀರೆ ಭಂಡಾರ" ಎಂದು ಹೇಳಿ ಒಳಗೆ ಹೋಗಿ, ಮದುವೆ ಸೀರೆಗಳ ವಿಭಾಗದಲ್ಲಿ ಗಾದಿಯ ಮೇಲೆ ಕೂರುತ್ತಿದ್ದರು. ಬಾವು ಇಳಿಯಲು ಔಷಧಿ ಕೊಟ್ಟು, "ಬಾಯಿ ಬಿಟ್ಟ ಮ್ಯಾಲ ನನ್ನ ಹೆಸರು ಹೇಳ್ಕೊಂಡು ಬರ್ರಿ" ಎಂದು ಕಳಿಸುತ್ತಿದ್ದರು. ಆದರೆ ಅವರ ಕುರ್ಚಿ ನೆಲಕ್ಕೆ ಹೂತದ್ದು, ಕೊರೆಯುವ ಯಂತ್ರ ಗೋಡೆಗೆ ಕೂಡಿಸಿದ್ದು. ತುರ್ತಾಗಿ ಕೀಳಬೇಕಾದದ್ದನ್ನು ಕೀಳಲಾಗುತ್ತಿರಲಿಲ್ಲ.

ನನ್ನ ಮನಸ್ಸು ಚುಚ್ಚತೊಡಗಿತ್ತು. ಪಟ್ಟಿಯಲ್ಲಿ ಒಂದು ಜಾಗಕ್ಕೆ ಎಷ್ಟು ಅಡ್ಡಹೆಸರನ್ನಾದರೂ ಕೊಡಲು ಬರುತ್ತದೆ. ಹೈಸ್ಕೂಲಿಗೆ "ಸಾಲಿ" ಎಂದರೂ ಬಾಗಿಲು ತೆರೆಯುವುದು ಹಾಗೆಯೇ. ಹಲ್ಲುನೋವಿನವರು ಹೊರಡಿಸುವ ಸದ್ದುಗಳನ್ನೇ ಡಾಕ್ಟರ ಅಡ್ಡಹೆಸರುಗಳಾಗಿ ಬರೆದುಬಿಟ್ಟರೆ? ಮುಂದಿನ ಯುಗಾದಿಗಾದರೂ ಸಿದ್ಧವಿರಲಿ ಎಂದು ಹದಿನೈದು ದಿನ ಸೀರೆ ಅಂಗಡಿಯಲ್ಲಿ ನೋಟ್‌ಬುಕ್ ಹಿಡಿದು ಕೂತೆ. ನಲವತ್ತಮೂರು ಸದ್ದು ದಾಖಲಿಸಿದೆ. ಮೂಗಿನದು, ಗಂಟಲಿನದು, ಎರಡರ ನಡುವಿನದು. ಕೊನೆಗೆ ತಿಳಿದದ್ದೇನೆಂದರೆ, ಇಬ್ಬರು ಒಂದೇ ತರಹ ನರಳುವುದಿಲ್ಲ, ಒಬ್ಬರೇ ಎರಡು ಸಲ ಒಂದೇ ತರಹ ನರಳುವುದಿಲ್ಲ. ಪ್ರಯೋಗ ವಿಫಲ ಎಂದು ಕೆಳಗೆ ಗೆರೆ ಎಳೆದೆ.

ಆ ಹದಿನೈದು ದಿನದಲ್ಲಿ ಒಂದು ದಿನ ಡಾಕ್ಟರು ಗುರುಪಾದಪ್ಪನವರನ್ನು ದಿಟ್ಟಿಸಿ ನೋಡಿ, "ಎಡಗಡಿ ಅಗಿಯೂದು ಬಿಟ್ಟೀರಿ. ಕೆಳಗಿನ ದವಡಿ ಹಲ್ಲು ಹುಳುಕಾಗೈತಿ. ಬರ್ರಿ ಒಮ್ಮಿ" ಎಂದಿದ್ದರು.

"ನನ್ನ ಹಲ್ಲಿಗಿ ಏನಾಗೈತಿ? ಕಬ್ಬು ಸಿಗಿದು ತಿಂತೀನಿ!"

"ಬಲಗಡಿ ಸಿಗಿತೀರಿ."

ಅವರು ಹೋಗಲಿಲ್ಲ. ಚಿಮಟ ಎಂದು ಸಭೆಯಲ್ಲಿ ಹಂಗಿಸಿದವರು ಆ ಚಿಮಟದ ಮುಂದೆ ಬಾಯಿ ತೆರೆಯುವುದು ಹೇಗೆ?

ಕಾರ್ತಿಕದ ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಗುರುಪಾದಪ್ಪನವರು ಕಟ್ಟೆ ಹತ್ತಿ ಬಂದರು. ಎಡಗೆನ್ನೆ ತೆಂಗಿನಕಾಯಿಯಷ್ಟಾಗಿತ್ತು. ಊತ ಗದ್ದದ ಕೆಳಗೆ ಇಳಿದು ಕೊರಳು ಕಾಣುತ್ತಿರಲಿಲ್ಲ. ಬಾಯಿ ಒಂದು ಎಳೆಯಷ್ಟೂ ಬಿಡುತ್ತಿರಲಿಲ್ಲ. ಜೊಲ್ಲು ನುಂಗಲಾರದೆ ವಸ್ತ್ರ ಹಿಡಿದಿದ್ದರು. ನನ್ನ ಕಡೆ ನೋಡದೆ ಬಾಗಿಲಿಗೆ ಕೈಯಿಟ್ಟು "ಮ್ಮ್‌ಹ" ಎಂದರು, ಒಳಗೆ ಹೋದರು, ಹೊರಗೆ ಬಂದರು. ಸ್ವಂತ ಅಂಗಡಿ! ಮತ್ತೆ ಕೈಯಿಟ್ಟರು. ಮತ್ತೆ ಸ್ವಂತ ಅಂಗಡಿ. ಆರನೆಯ ಸಲ ಹೊರಗೆ ಬಂದಾಗ ಅವರ ಕಣ್ಣಲ್ಲಿ ನೀರಿತ್ತು.

ಅಂದು ಡಾಕ್ಟರು ಇನ್ನೂ ಗಾದಿಗೆ ಬಂದಿರಲಿಲ್ಲ; ನೀಲಗಂಗವ್ವ ಚಿಕಿತ್ಸಾಲಯಕ್ಕೆ ಓಡಿಹೋಗಿ ಅವರನ್ನು ಕರೆತಂದರು. ಡಾಕ್ಟರು ಎರಡು ಬೆರಳಿನಿಂದ ಊತ ಒತ್ತಿ ನೋಡಿದರು. ಅವರ ಮುಖ ಎಂದಿನಂತಿರಲಿಲ್ಲ.

"ಬಾವು ಗಂಟಲಿಗೆ ಇಳಿಯಾಕ ಹತ್ತೈತಿ. ಇನ್ನ ತಾಸು ಎರಡು ತಾಸಿನ್ಯಾಗ ಕೀವು ತಗೀಲಿಲ್ಲಂದ್ರ ಉಸಿರು ಕಟ್ಟತೈತಿ. ಇದು ಗಾದಿ ಮ್ಯಾಲ ಆಗೂ ಕೆಲಸ ಅಲ್ಲ. ನನಗ ಕುರ್ಚಿ ಬೇಕು, ಬೆಳಕು ಬೇಕು, ಹೀರೂ ಮಷಿನ್ ಬೇಕು."

"ಹೊತ್ಕೊಂಡು ಹೋಗೋಣ್ರಿ" ಎಂದರು ನೀಲಗಂಗವ್ವ. ಬಾಗಿಲಿನ ಅಗಲ ಎರಡು ಅಡಿ. ಒಬ್ಬರೇ ಹೊರಬೇಕು. ಗರಡಿಯಿಂದ ದಾದಾಪೀರ್ ಪೈಲ್ವಾನರನ್ನು ಕರೆಸಿದೆವು. ಅವರು ತೊಡೆ ತಟ್ಟಿ ಗುರುಪಾದಪ್ಪನವರನ್ನು ಜೋಳದ ಚೀಲದಂತೆ ಹೆಗಲಿಗೆ ಹಾಕಿಕೊಂಡರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಪೈಲ್ವಾನರು ಬಾಗಿಲಿಗೆ ಕೈಯಿಟ್ಟರು, ಮುಖ ಕೆಂಪಾಯಿತು, ತುಟಿ ಬಿಗಿಯಿತು, ತಳ್ಳಿದರು. ಇಬ್ಬರೂ ಸೀರೆ ಅಂಗಡಿಗೆ ಹೋದರು.

"ಹೆಸರು ಯಾಕ ಹೇಳಲಿಲ್ರೀ?" ಎಂದೆ, ಅವರು ಹೊರಬಂದಾಗ.

"ಉಸ್ತಾದರು ಕಲಿಸ್ಯಾರ್ರಿ, ಭಾರ ಹೊತ್ತಾಗ ಉಸಿರು ಬಿಡಬ್ಯಾಡ ಅಂತ" ಎಂದು ಏದುಸಿರು ಬಿಟ್ಟರು ದಾದಾಪೀರ್. ಮೂವತ್ತು ವರ್ಷದ ಸಾಧನೆ. ಮತ್ತೆರಡು ಸಲ ಪ್ರಯತ್ನಿಸಿದರು, ಎರಡು ಸಲವೂ ಸಾಧನೆಯೇ ಗೆದ್ದಿತು.

ಗುರುಪಾದಪ್ಪನವರು ಕಟ್ಟೆಯ ಮೇಲೆ ಕೂತು ನನ್ನನ್ನು ನೋಡಿದರು. ಎಂದೂ ಸುಮ್ಮನಿರದ ಮನುಷ್ಯ ಸುಮ್ಮನೆ ನೋಡುವುದು ಸಹಿಸಲಾಗಲಿಲ್ಲ. ನಾನು ಸೈರನ್ ಒತ್ತಿದೆ.

ಊರು ಗೊಣಗುತ್ತ ಹೊರಗೆ ಬಂತು. ಹೈಸ್ಕೂಲಿನಲ್ಲಿ ಗಣಿತದ ಪರೀಕ್ಷೆ ನಡೆಯುತ್ತಿತ್ತಂತೆ. ಹೆಡ್‌ಮಾಸ್ಟರು ಸಿಟ್ಟಿನಿಂದಲೂ ಮಕ್ಕಳು ಪರಮಾನಂದದಿಂದಲೂ ಬಂದರು. "ಏನಾತ್ರಿ?" "ಉಳ್ಳಾಗಡ್ಡಿ ಸಾವಕಾರ್ರ ಬಾಯಿ ಬಂದ್ ಆಗೈತಂತ." "ಹಂಗಾದ್ರ ಹಬ್ಬ ಬಿಡ್ರಿ!" ಎಂದ ಕ್ಷೌರದಂಗಡಿಯ ಅರ್ಧ ಗಡ್ಡದವನು ಗುರುಪಾದಪ್ಪನವರ ಮುಖ ಕಂಡ ಕೂಡಲೇ ತಲೆ ತಗ್ಗಿಸಿದ. ನಾನು ಒಂದೊಂದಾಗಿ ಹೆಸರು ಕೂಗಿ ಗುರುತು ಹಾಕಿಕೊಂಡೆ. ಎಪ್ಪತ್ತು ಖಾಲಿ. ಎಪ್ಪತ್ತೊಂದನೆಯದು, ಸೀರೆ ಅಂಗಡಿ?

"ಅಯ್ಯ, ಆಡು ಉಳಿದೈತಿ!" ಎಂದು ನೀಲಗಂಗವ್ವ ಒಳಗೆ ಓಡಿದರು. ಒಂದು ನಿಮಿಷವಾಯಿತು. ಮೂರು ನಿಮಿಷವಾಯಿತು. ಗುರುಪಾದಪ್ಪನವರ ಉಸಿರಿನಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಡಾಕ್ಟರು ಅವರ ಬೆನ್ನ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದರು. ಐದನೆಯ ನಿಮಿಷಕ್ಕೆ ನೀಲಗಂಗವ್ವ ಆಡನ್ನು ಕೂಸಿನಂತೆ ಎತ್ತಿಕೊಂಡು ಹೊರಬಂದರು. ಅದರ ಬಾಯಲ್ಲಿ ಸೊಪ್ಪು ಇನ್ನೂ ಇತ್ತು.

ನಾನು ಯಂತ್ರ ನಿಲ್ಲಿಸಿ ಪಟ್ಟಿ ತೆರೆದೆ. ಸೀರೆ ಭಂಡಾರದ ಸಾಲನ್ನು ಕೆಳಗಿಳಿಸಬೇಕು, ಚಿಕಿತ್ಸಾಲಯದ ಸಾಲನ್ನು ಮೇಲೇರಿಸಬೇಕು, ಎರಡು ಕ್ಷಣದ ಕೆಲಸ. ಆಗ ಮೊದಲ ಸಾಲಿಗಿಂತಲೂ ಮೇಲೆ, ಹ್ಯಾಶ್ ಗುರುತಿನಿಂದ ಶುರುವಾಗುವ ಒಂದು ಟಿಪ್ಪಣಿ ಕಣ್ಣಿಗೆ ಬಿತ್ತು. ಆ ಗುರುತಿರುವ ಸಾಲನ್ನು ಯಂತ್ರ ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದದ್ದು. ಹನ್ನೊಂದು ವರ್ಷ ನಾನೂ ಅದನ್ನು ಯಂತ್ರದ ಹಾಗೆಯೇ ದಾಟಿಕೊಂಡು ಹೋಗಿದ್ದೆ. ವೆಂಕೋಬರಾಯರು ಬರೆದಿದ್ದರು: "# ಕೆಳಗಿನ ಸಾಲನ್ನು ಕದಲಿಸಬೇಡಿ. ಬಾಯಿಬಿಟ್ಟು ಹೇಳಲಾಗದವರು ಬರುವ ಜಾಗ ಇದು. ನನಗಿದು ತಿಳಿದದ್ದು ಬಲಗಡೆಯ ಮೂರನೆಯ ದವಡೆ ಹಲ್ಲಿನಿಂದ."

ಸಾಲನ್ನು ಅದರ ಕೆಳಗೆ ತಂದಿಟ್ಟೆ. ತಪ್ಪಿದೆಯೇ ಎಂದು ಈ ಸಲ ಒಂದೇ ಸಾರಿ ನೋಡಿದೆ. ಯಂತ್ರದ ಫ್ಯಾನು ತಿರುಗತೊಡಗಿತು.

ಡಾಕ್ಟರು ಮೊದಲು ಹೆಸರು ಹೇಳಿ ಒಳಗೆ ಹೋದರು. ಗುರುಪಾದಪ್ಪನವರು ಹೆಂಡತಿಯ ಹೆಗಲು ಬಿಟ್ಟು, ಬಾಗಿಲಿಗೆ ಕೈಯಿಟ್ಟರು. ಕಟ್ಟೆಯ ಮೇಲಿದ್ದ ಅಷ್ಟೂ ಜನ, ಹೈಸ್ಕೂಲಿನ ಮಕ್ಕಳೂ ಸೇರಿ, ಉಸಿರು ಬಿಗಿಹಿಡಿದಿದ್ದರು. ಅವರು ಏನೂ ಹೇಳಲಿಲ್ಲ, ನರಳಲೂ ಇಲ್ಲ. ಸುಮ್ಮನೆ ತಳ್ಳಿದರು. ಬಾಗಿಲ ಸಂದಿಯಿಂದ ಲವಂಗದೆಣ್ಣೆಯ ವಾಸನೆ ಬಂತು.

ಮುಕ್ಕಾಲು ಗಂಟೆಯ ಮೇಲೆ ಅವರು ಬಾಯಿ ತುಂಬ ಹತ್ತಿ ತುಂಬಿಕೊಂಡು ಹೊರಬಂದರು. ಒಂದು ಚೀಟಿ ಬರೆದು ನನ್ನ ಕೈಗಿಟ್ಟರು. ಕ್ಷಮೆಯೋ ಧನ್ಯವಾದವೋ ಇರಬೇಕೆಂದು ಬಿಡಿಸಿದೆ. "ಎರಡನೇ ಸಾಲು ಖಾಲಿ ಐತೇನ್ರಿ?" ಎಂದಿತ್ತು.

ಎರಡನೆಯ ಸಾಲಿನಿಂದ ಯಾವ ಪ್ರಯೋಜನವೂ ಇಲ್ಲವೆಂದು ನಾನು ಅವರಿಗೆ ಇನ್ನೂ ವಿವರಿಸುತ್ತಲೇ ಇದ್ದೇನೆ. ಆಡುಗಳು ಈಗ ಮತ್ತೆ ಡಾಕ್ಟರಲ್ಲಿಗೇ ಹೋಗುತ್ತವೆ. ಆದರೆ ಎಂಟು ತಿಂಗಳ ರೂಢಿ ತಪ್ಪಿಸಲಾಗದೆ ನೀಲಗಂಗವ್ವ ದಿನಾ ಅಲ್ಲಿಗೇ ಸೊಪ್ಪು ಒಯ್ಯುತ್ತಾರೆ. ಸೊಪ್ಪಿನ ಜೊತೆ ನಾಲ್ಕು ಹತ್ತಿ ಸೀರೆಗಳನ್ನೂ ಒಯ್ದು, ಬಾವು ಬಂದವರ ಕೆನ್ನೆಗೆ ಒಂದೊಂದು ಒತ್ತಿ ಕೂರಿಸುತ್ತಾರೆ. ನೋವು ಇಳಿದವರಲ್ಲಿ ಕೆಲವರು ಆ ಸೀರೆಯನ್ನು ಹಿಂದಕ್ಕೆ ಕೊಡಲು ಮನಸ್ಸು ಬಾರದೆ ಕೊಂಡುಕೊಳ್ಳುತ್ತಾರಂತೆ. ಪೂರ್ತಿ ಚೌಕಾಶಿ ಮಾಡಿಯೇ.

ಫಲಕದಿಂದ ಕೆಂಪು ಕಂಬವನ್ನು ಕಿತ್ತೆ. ಹೊಸ ಚಿತ್ರದಲ್ಲಿ, ಹೆಸರು ಹೇಳದವರು ಹೇಳದ್ದು "ಯಾಕೆ" ಎಂಬ ಒಂದು ಕಂಬವನ್ನೂ ಹಾಕಬೇಕೆಂದುಕೊಂಡೆ, ಆದರೆ ಅದನ್ನು ತುಂಬುವ ಅಂಕಿ ನನ್ನಲ್ಲಿ ಇರಲಿಲ್ಲ. ದಾಖಲೆಯಲ್ಲಿ ಸಿಗುವುದೂ ಇಲ್ಲ. ಚಿಕಿತ್ಸಾಲಯಕ್ಕೇ ಹೋಗಿ ನೋಡೋಣವೆಂದು ಒಂದು ಮಧ್ಯಾಹ್ನ ಸ್ಟೂಲಿನಿಂದ ಎದ್ದು ಬಾಗಿಲಿಗೆ ಕೈಯಿಟ್ಟೆ. ಡಾಕ್ಟರಿಗೆ ಹೇಳಬೇಕಾದದ್ದು ಬಹಳವಿತ್ತು. ಸಭೆಯ ದಿನ ಬರೆದುಕೊಳ್ಳದ ಮಾತಿನ ಬಗ್ಗೆ, ಹನ್ನೊಂದು ವರ್ಷ ಓದದ ಸಾಲಿನ ಬಗ್ಗೆ. ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತ ನಿಂತವಳು ಹೋಗಬೇಕಾದ ಜಾಗದ ಹೆಸರನ್ನೇ ಹೇಳುವುದು ಮರೆತೆ.

ಡಾಕ್ಟರು ಕೈ ಒರೆಸಿಕೊಳ್ಳುತ್ತ ತಲೆಯೆತ್ತಿದರು. "ಹೆಂಗೂ ಬಂದೀರಿ" ಎಂದು ಕುರ್ಚಿ ತೋರಿಸಿದರು. "ಬಾಯಿ ತೆಗೀರಿ."

ಹೋಗಿ ಕೂತೆ. ಜೋಡಿಸಿಕೊಂಡು ಬಂದ ವಾಕ್ಯಗಳನ್ನೆಲ್ಲ ನುಂಗಿ ಬಾಯಿ ತೆರೆದೆ.